ನಮ್ಮ ಹುಡುಗ್ರಿಗೂ ಒಂದು ಸಾಹಸದ ಕತೆ ಬೇಕು

ಸ್ವಲ್ಪ ಉದ್ದದ ಬರಹ, ಪುರಸೊತ್ತಿದ್ದಾಗ ಪೂರ್ತಿ ಓದ್ರಿ.

ಏಪ್ರಿಲ್ 14 ಬಂತಂದ್ರೆ ವಿಜಯಪುರ, ತಿಕೋಟಾ, ಬಬಲೇಶ್ವರ ಎಲ್ಲ ಕಡೆ ಮಕ್ಕಳಿಗೆ ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ ಇಡ್ತೀವಿ. ಗೆದ್ದವರಿಗೆ ಪುಸ್ತಕ ಕೊಡ್ತೀವಿ. ಬಾಬಾಸಾಹೇಬರ ಜೀವನಚರಿತ್ರೆ, ಸಂವಿಧಾನದ ಪುಸ್ತಕ, ಬುದ್ಧನ ಕತೆ. ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಹುಮಾನದ ಪುಸ್ತಕ ಬೇರೆ, ಮಗು ಊಟ ಬಿಟ್ಟು ಓದೋ ಪುಸ್ತಕ ಬೇರೆ. ಊಟ ಬಿಟ್ಟು ಓದೋ ಪುಸ್ತಕದಲ್ಲಿ ಕುದುರೆ ಇರ್ತದೆ, ಕೋಟೆ ಇರ್ತದೆ, ಕತ್ತಲ ರಾತ್ರಿ ಇರ್ತದೆ, ಯಾರೋ ಬೆನ್ನು ಹತ್ತಿರ್ತಾರೆ. ಇತಿಹಾಸ ಮಕ್ಕಳ ರಕ್ತಕ್ಕೆ ಇಳಿಯೋದು ಇಂಥ ಕತೆಗಳಿಂದಲೇ. ಆ ಕತೆಗಳು ಇವತ್ತಿಗೂ ಬಹುತೇಕ ಬೇರೆಯವರ ಕೈಯಲ್ಲಿವೆ. ನನ್ನ ಮಾತು ಅದರ ಬಗ್ಗೆ.

ಕನ್ನಡದಲ್ಲಿ ಐತಿಹಾಸಿಕ ಕತೆಗೆ ನೂರು ವರ್ಷದ ಹಾದಿ ಇದೆ. ಗಳಗನಾಥರು 'ಮಾಧವ ಕರುಣಾ ವಿಲಾಸ' ಬರೆದರು. ಆಮೇಲೆ ಅನಕೃ ಅವರ ವಿಜಯನಗರದ ಕಾದಂಬರಿಗಳು, ಮಾಸ್ತಿಯವರ 'ಚಿಕವೀರ ರಾಜೇಂದ್ರ', ತರಾಸು ಅವರ 'ದುರ್ಗಾಸ್ತಮಾನ'. ದೊಡ್ಡವರಿಗೆ ಬರೆದ ಇವನ್ನ ಹೈಸ್ಕೂಲ್ ಹುಡುಗ್ರೂ ಓದಿ ಬೆಳೆದರು. ಚಿಕ್ಕವರಿಗೆ ಚಂದಮಾಮ, ಅಮರ ಚಿತ್ರಕಥೆ, ಭಾರತ-ಭಾರತಿಯ ಪುಟ್ಟ ಪುಸ್ತಕಗಳು ಸಿಕ್ಕವು. ಇವು ಓದಿನ ರುಚಿ ಹತ್ತಿಸಿದ್ದು ಖರೆ. ಆದರೆ ಬಹುಪಾಲು ಕತೆಗಳಲ್ಲಿ ನಾಯಕ ಅಂದ್ರೆ ರಾಜಕುಮಾರ, ಇಲ್ಲಾ ಸೇನಾಪತಿ, ಇಲ್ಲಾ ರಾಜಗುರು. ನಮ್ಮವರು ಎಲ್ಲಿದ್ದಾರೆ ಅಂತ ಹುಡುಕಿದರೆ ಪಂಜು ಹಿಡಿದವರು, ಡಂಗುರ ಸಾರಿದವರು, ಕೊನೆಗೆ "ಸಾವಿರಾರು ಜನ ಮಡಿದರು" ಅನ್ನೋ ಒಂದು ಸಾಲು. 1967ರಲ್ಲಿ ಶುರುವಾದ ಅಮರ ಚಿತ್ರಕಥೆಯಲ್ಲಿ ಬಾಬಾಸಾಹೇಬರ ಸಂಚಿಕೆ ಬಂದದ್ದು 1979ರಲ್ಲಿ. ಅಷ್ಟರೊಳಗೆ ನೂರಕ್ಕೂ ಹೆಚ್ಚು ದೇವರು, ರಾಜರು, ಸಂತರು ಬಂದು ಹೋಗಿದ್ದರು.

ನಮ್ಮ ಊರನ್ನೇ ತಗೊಳ್ರಿ. ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. "ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಸೇರಿ ಎಳೆದು ತಂದರು" ಅಂತ ಗೈಡುಗಳು ಹೇಳ್ತಾರೆ. ಆ ಲೆಕ್ಕ ಸ್ವಲ್ಪ ಗಮನಿಸ್ರಿ. ಆನೆ ಎಣಿಸಿದ್ದಾರೆ, ಎತ್ತು ಎಣಿಸಿದ್ದಾರೆ. ಮನುಷ್ಯರಿಗೆ ಬಂದಾಗ "ನೂರಾರು". ಎತ್ತಿಗೆ ಇರೋ ಲೆಕ್ಕ ಆಳಿಗೆ ಇಲ್ಲ. ಮಕ್ಕಳ ಇತಿಹಾಸ ಪುಸ್ತಕ, ಸಾಹಸದ ಕತೆ ಎರಡೂ ಇದೇ ಲೆಕ್ಕದಲ್ಲಿ ಬರೆದವು.

ಗೋಳಗುಮ್ಮಟಕ್ಕೆ ಟ್ರಿಪ್ ಬಂದ ಹುಡುಗ್ರು ಮೇಲೆ ಹತ್ತಿ ತಮ್ಮ ತಮ್ಮ ಹೆಸರು ಕೂಗ್ತಾರೆ. ಕೇರಿಯ ಹುಡುಗ ಕೂಗಿದ ಹೆಸರೂ ಅಷ್ಟೇ ಸಲ ತಿರುಗಿ ಬರ್ತದೆ, ಗುಮ್ಮಟಕ್ಕೆ ಜಾತಿ ಗೊತ್ತಿಲ್ಲ. ಕೆಳಗೆ ಇಳಿದು ಕತೆ ಪುಸ್ತಕ ತೆರೆದರೆ ಮಾತ್ರ ಅಂಥ ಹೆಸರು ಒಂದೂ ಸಿಗೋದಿಲ್ಲ.

ಇನ್ನೊಂದು ಅಪಾಯ ಇದೆ, ಇದು ಇವತ್ತಿನದು. ನಮ್ಮ ಮಕ್ಕಳ ಕೈಗೆ ಬರೋ ವೀರಗಾಥೆಗಳಲ್ಲಿ ಬಿಜಾಪುರ ಅಂದ್ರೆ ವೈರಿಯ ಊರು. 1565ರ ತಾಳಿಕೋಟೆ ಕದನದ ಕತೆ ಇರಲಿ, 1659ರ ಪ್ರತಾಪಗಡದ ಕತೆ ಇರಲಿ, ಖಳನಾಯಕ ಹೊರಡೋದು ನಮ್ಮ ಊರ ಬಾಗಿಲಿಂದ. ಹಿಂಗೆ ಓದಿದ ಮಗು ತನ್ನ ಊರನ್ನೇ ಹೊರಗಿನವರ ಕಣ್ಣಿಂದ ನೋಡೋದು ಕಲೀತದೆ. ಪಕ್ಕದ ಬೆಂಚಿನ ಮುಸ್ಲಿಂ ಹುಡುಗನ ಕಡೆ ಒಂಥರಾ ನೋಡೋದು ಕಲೀತದೆ. ಶಿವಾಜಿ ಮಹಾರಾಜರ ತಂದೆ ಶಹಾಜಿಯೇ ಬಿಜಾಪುರದ ಸರದಾರ ಆಗಿದ್ದರು, ಅಳಿಯ ರಾಮರಾಯನೂ ಅಲಿ ಆದಿಲ್‌ಶಾಹಿಯೂ ಒಂದು ಕಾಲಕ್ಕೆ ಸ್ನೇಹಿತರಾಗಿದ್ದರು, ಎರಡನೇ ಇಬ್ರಾಹಿಂ ಆದಿಲ್‌ಶಾಹಿ 'ಕಿತಾಬ್-ಎ-ನವರಸ್' ಶುರು ಮಾಡಿದ್ದೇ ಸರಸ್ವತಿಯನ್ನ ನೆನೆದು ಅನ್ನೋದು ಆ ಕತೆಗಳಲ್ಲಿ ಬರೋದಿಲ್ಲ. ಬಂದರೆ ಮಜಾ ಕಡಿಮೆ ಆಗ್ತದಂತೆ. ಮಜಾ ಯಾರದು, ಬೆಲೆ ಕಟ್ಟೋರು ಯಾರು? ಗಲಾಟೆ ಆದ ದಿನ ಮುಂದೆ ನಿಲ್ಲಿಸೋದು ನಮ್ಮ ಕೇರಿ ಹುಡುಗ್ರನ್ನೇ ಅಲ್ವಾ? ಕೇಸು ಬೀಳೋದೂ ಅವರ ಮೇಲೆಯೇ.

"ನಿಮ್ಮವರ ಕತೆಯೂ ಇದೆಯಲ್ಲ, ಒನಕೆ ಓಬವ್ವ" ಅಂತ ಕೆಲವರು ಹೇಳ್ತಾರೆ. ಹೌದು, ಇದೆ. ಛಲವಾದಿ ಹೆಣ್ಣುಮಗಳು. 1972ರ 'ನಾಗರಹಾವು' ಸಿನಿಮಾದಿಂದ ನಾಡಿನ ಮನೆಮನೆಗೂ ಮುಟ್ಟಿದಳು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡ್ತಿದೆ. ಆದರೆ ಮಕ್ಕಳ ಪುಸ್ತಕದಲ್ಲಿ ಆಕೆ ಎಷ್ಟು ಹೊತ್ತು ಇರ್ತಾಳೆ? ಗಂಡ ಊಟಕ್ಕೆ ಬರ್ತಾನೆ, ಆಕೆ ನೀರಿಗೆ ಹೋಗ್ತಾಳೆ, ಕಿಂಡಿಯಲ್ಲಿ ಶತ್ರು ಕಾಣ್ತಾನೆ, ಒನಕೆ ಎತ್ತುತ್ತಾಳೆ, ಸಾಯ್ತಾಳೆ. ಎರಡೇ ಪುಟ. ಹುಡುಗಿಯಾಗಿದ್ದಾಗ ಏನು ಆಟ ಆಡಿದಳು? ಯಾರ ಜೊತೆ ಜಗಳ ಮಾಡಿದಳು? ಕಾವಲುಗಾರನ ಮನೆ ಕೋಟೆಯ ಕಿಂಡಿಯ ಹತ್ತಿರ ಯಾಕಿತ್ತು, ಅರಮನೆ ಹತ್ತಿರ ಯಾಕಿರಲಿಲ್ಲ? ಈ ಪ್ರಶ್ನೆ ಇಟ್ಟುಕೊಂಡು ಬರೆದರೆ ಇನ್ನೂರು ಪುಟದ ಕಾದಂಬರಿ ಆಗ್ತದೆ. ಪ್ರಾಣ ಕೊಡುವಾಗ ಮಾತ್ರ ನಮ್ಮವರನ್ನ ಕತೆಯೊಳಗೆ ಕರೆಯೋದು ಗೌರವ ಅಂತ ನಾನು ಒಪ್ಪೋದಿಲ್ಲ. ಬದುಕೋದಕ್ಕೂ ಕರೀರಿ.

ಇಲ್ಲಿ ಒಂದು ತಕರಾರು ಬರ್ತದೆ. "ನಿಮ್ಮವರ ಬಗ್ಗೆ ದಾಖಲೆ ಇಲ್ಲ, ಇಲ್ಲದ್ದನ್ನ ಹೆಂಗೆ ಬರೀತೀರಿ?" ಮಾತು ಕೇಳೋದಕ್ಕೆ ಚಂದ. ಆದರೆ ಅಂತಃಪುರದಲ್ಲಿ ರಾಣಿ ರಾಜನ ಕಿವಿಯಲ್ಲಿ ಏನು ಹೇಳಿದಳು ಅನ್ನೋದಕ್ಕೆ ಯಾವ ಶಾಸನ ಇದೆ? ಕಾದಂಬರಿಕಾರರು ಊಹಿಸಿಯೇ ಬರೆದರು, ನಾವು ಕಣ್ಣೀರಿಟ್ಟು ಓದಿದೆವು. ದಾಖಲೆ ನಿಂತಲ್ಲಿಂದ ಮುಂದೆ ನಡೆಯೋದೇ ಐತಿಹಾಸಿಕ ಕತೆಯ ಕೆಲಸ. ಆ ಪರವಾನಗಿ ಅರಮನೆಗೆ ಮಾತ್ರ ಯಾಕೆ?

ನಮಗೂ ಒಂದು ಕಟ್ಟುಪಾಡು ಇರಬೇಕು. ಇಲ್ಲದ ರಾಜನನ್ನ ನಮ್ಮ ಜಾತಿಯವನು ಅಂತ ಕಟ್ಟೋದು ಬೇಡ. ಇಸವಿ ತಿರುಚೋದು ಬೇಡ. ಯಾವುದು ನಡೆದದ್ದು, ಯಾವುದು ಊಹಿಸಿದ್ದು ಅಂತ ಪುಸ್ತಕದ ಕೊನೆಗೆ ಮಕ್ಕಳಿಗೆ ತಿಳಿಯೋ ಹಂಗೆ ಒಂದು ಪುಟ ಬರೆಯೋಣ. ಬಾಬಾಸಾಹೇಬರು ಆಧಾರ ಇಲ್ಲದೆ ಒಂದು ವಾಕ್ಯ ಬರೆಯದ ಮನುಷ್ಯ. ಅವರ ಹೆಸರಲ್ಲಿ ಸುಳ್ಳು ಇತಿಹಾಸ ಮಾಡಿದರೆ ಅವರಿಗೇ ಅವಮಾನ.

ಹಂಗಾದ್ರೆ ಕತೆ ಎಲ್ಲಿವೆ? ನಮ್ಮ ಕಾಲ ಕೆಳಗೇ ಇವೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವಾಗ ತೊರವಿ ಸಿಗ್ತದೆ. ಆ ಕಡೆಯಿಂದ ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದರು. ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿಗಳು. ಸುರಂಗ ಬಾವಡಿ ಅಂತೀವಿ. ದಖ್ಖನ್ನಿನ ಈ ಹಳೆಯ ನೀರಿನ ವ್ಯವಸ್ಥೆಗಳು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿದವು. ಊರೊಳಗೆ 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿ ಇದೆ. ಮಕ್ಕಳಿಗೆ ಇದಕ್ಕಿಂತ ರೋಚಕ ಜಾಗ ಯಾವುದಿದೆ ಹೇಳ್ರಿ? ಕತ್ತಲು, ನೀರು, ಕುಸಿಯೋ ಮಣ್ಣು, ಮೇಲಿಂದ ಬೀಳೋ ಒಂದು ತುಣುಕು ಬೆಳಕು. ಅಪ್ಪನ ಜೊತೆ ಮಣ್ಣು ಹೊರೋ ಹನ್ನೆರಡು ವರ್ಷದ ಹುಡುಗಿ ಒಬ್ಬಳನ್ನ ಆ ಸುರಂಗಕ್ಕೆ ಇಳಿಸ್ರಿ. ಆಕೆಗೆ ಹೆಸರು ಕೊಡ್ರಿ. ಊರಿಗೆ ವೈರಿ ಮುತ್ತಿಗೆ ಹಾಕಿದ ದಿನ ಸುರಂಗದ ದಾರಿ ಗೊತ್ತಿರೋದು ಆಕೆಗೆ ಮಾತ್ರ ಅಂತ ಇಡ್ರಿ. ಸುರಂಗ ಮುಗಿದು ಊರಿಗೆ ನೀರು ಬಂದಾಗ ಆ ಬಾವಿಯ ಮೆಟ್ಟಿಲು ಇಳಿಯೋದಕ್ಕೆ ಆಕೆಯನ್ನ ಬಿಡ್ತಾರಾ? ಆ ಪ್ರಶ್ನೆ ಓದೋ ಮಗುವೇ ಕೇಳ್ತದೆ, ನಾವು ಭಾಷಣ ಮಾಡಬೇಕಾಗಿಲ್ಲ.

ಎರಡನೇದು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ, ಚಿಕ್ಕಂದಿನಲ್ಲೇ ಗುಲಾಮನಾಗಿ ಮಾರಾಟವಾದ. ಬಾಗ್ದಾದ್ ದಾಟಿ ದಖ್ಖನ್ನಿಗೆ ಬಂದ. ಒಂದಷ್ಟು ಕಾಲ ಬಿಜಾಪುರದ ಚಾಕರಿಯಲ್ಲೂ ಇದ್ದ. ಮುಂದೆ ಅಹ್ಮದನಗರ ರಾಜ್ಯವನ್ನೇ ನಡೆಸಿದ, ಮೊಘಲರನ್ನ ವರ್ಷಗಟ್ಟಲೆ ತಡೆದ, ಖಡ್ಕಿ ಅನ್ನೋ ಊರು ಕಟ್ಟಿ ನೆಲದೊಳಗಿನ ಕಾಲುವೆಯಿಂದ ನೀರು ಕೊಟ್ಟ. ಅದೇ ಮುಂದೆ ಔರಂಗಾಬಾದ್ ಆಯಿತು. ಅವನನ್ನ ಸೋಲಿಸೋದಕ್ಕೆ ಆಗದ ಜಹಾಂಗೀರ್ ಬಾದಶಹ, ಅವನ ತಲೆಗೆ ತಾನು ಬಾಣ ಬಿಡೋ ಹಂಗೆ ಚಿತ್ರ ಬರೆಸಿಕೊಂಡು ಸಮಾಧಾನ ಪಟ್ಟ! 1624ರಲ್ಲಿ ಭಾತವಡಿ ಕದನದಲ್ಲಿ ಮೊಘಲರು, ಬಿಜಾಪುರದವರು ಕೂಡಿ ಬಂದಾಗ ಇಬ್ಬರನ್ನೂ ಸೋಲಿಸಿದ. ಸಿನಿಮಾ ಮಾಡಿದರೆ ನೂರು ದಿನ ಓಡೋ ಕತೆ ಇದು. ನಮ್ಮ ಎಷ್ಟು ಹಾಸ್ಟೆಲ್ ಹುಡುಗ್ರಿಗೆ ಆತನ ಹೆಸರು ಗೊತ್ತು?

ಮೂರನೇದು ಬಾಬಾಸಾಹೇಬರದೇ. ಭಾಷಣದಲ್ಲಿ ಬರೋ ಬಾಬಾಸಾಹೇಬರು ಕೋಟು ಹಾಕಿ ಪುಸ್ತಕ ಹಿಡಿದೇ ಹುಟ್ಟಿದವರ ಹಂಗೆ ಇರ್ತಾರೆ. 'ವೀಸಾಕ್ಕಾಗಿ ಕಾಯುತ್ತಾ' ಓದ್ರಿ. 1901ನೇ ಇಸವಿ. ಹೊಸ ಬಟ್ಟೆ, ಜರಿ ಟೊಪ್ಪಿಗೆ ಹಾಕಿಕೊಂಡ ಹುಡುಗ್ರ ಗುಂಪು ಅಪ್ಪನನ್ನ ನೋಡೋದಕ್ಕೆ ರೈಲು ಹತ್ತಿ ಮಸೂರ ಸ್ಟೇಷನ್‌ನಲ್ಲಿ ಇಳೀತದೆ. ಕರೆಯೋದಕ್ಕೆ ಯಾರೂ ಬಂದಿಲ್ಲ. ಜಾತಿ ಕೇಳಿದ ಮೇಲೆ ಗಾಡಿಯವರು ಯಾರೂ ಹತ್ತಿಸಿಕೊಳ್ಳೋದಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ತಾನೆ, ಆದರೆ ಗಾಡಿ ಹುಡುಗ್ರೇ ಹೊಡೀಬೇಕು, ತಾನು ನಡ್ಕೊಂಡು ಬರ್ತೀನಿ ಅಂತಾನೆ. ರಾತ್ರಿ, ಗೊತ್ತಿಲ್ಲದ ದಾರಿ, ಬುತ್ತಿ ಇದೆ, ನೀರಿಲ್ಲ. ಟೋಲ್ ನಾಕಾದಲ್ಲಿ ಪುಟ್ಟ ಭೀಮರಾಯ ಮುಸ್ಲಿಂ ಹುಡುಗನ ಹಂಗೆ ಉರ್ದುವಿನಲ್ಲಿ ನೀರು ಕೇಳ್ತಾನೆ. ಆದರೂ ನೀರು ಸಿಗೋದಿಲ್ಲ. ಇದು ಸಾಹಸದ ಕತೆ ಅಲ್ಲದೆ ಮತ್ತೇನು? ಅದೇ ಬರಹದಲ್ಲಿ 1934ರ ದೌಲತಾಬಾದ್ ಕೋಟೆ ಬರ್ತದೆ. ಮಲಿಕ್ ಅಂಬರ್ ಓಡಾಡಿದ ಕೋಟೆ ಅದು. ಬಾಗಿಲ ಬಳಿ ಕೆರೆಯಲ್ಲಿ ಕೈಕಾಲು ತೊಳೆದರು ಅಂತ ಬಾಬಾಸಾಹೇಬರ ಗುಂಪಿನ ಮೇಲೆ ಗದ್ದಲ ಎದ್ದಿತು. ಒಳಗೆ ಎಲ್ಲೂ ನೀರು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ, ಸಿಪಾಯಿಯ ಕಾವಲಿನಲ್ಲಿ ಕೋಟೆ ನೋಡಬೇಕಾಯಿತು. 1927ರ ಮಹಾಡ ಮುಗಿದು ಏಳು ವರ್ಷ ಆಗಿತ್ತು. ಕೋಟೆಯ ಕತೆ ಬರೆಯೋರೆಲ್ಲ ಈ ಪುಟ ಓದಿ ಆಮೇಲೆ ಪೆನ್ನು ಹಿಡೀಬೇಕು.

ನಮ್ಮವರಲ್ಲೇ ಕೆಲವರು ಮೂಗು ಮುರೀತಾರೆ. "ಕೇರಿಯ ಮಕ್ಕಳಿಗೆ ನೋವಿನ ಅರಿವು ಬೇಕು, ಕುದುರೆ ಕತ್ತಿ ಯಾಕೆ?" ಅಂತ. ಸಂಗಾತಿಗಳೇ, ನೋವಿನ ಅರಿವು ಆ ಮಕ್ಕಳಿಗೆ ಪುಸ್ತಕ ತೆರೆಯೋ ಮೊದಲೇ ಆಗಿರ್ತದೆ. ಹೋಟೆಲ್ಲಿನಲ್ಲಿ, ಗುಡಿ ಮುಂದೆ, ಶಾಲೆಯ ಊಟದ ಸಾಲಿನಲ್ಲಿ ಆಗಿರ್ತದೆ. ಸಿದ್ಧಲಿಂಗಯ್ಯನವರ 'ಊರುಕೇರಿ' ನೋಡ್ರಿ, ಓದ್ತಾ ಓದ್ತಾ ನಗು ಬರ್ತದೆ. ನಮ್ಮ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಒಬ್ಬ ಹುಡುಗನ ಇಡೀ ಲೋಕ ಇದೆ. ಆ ಹಿರಿಯರು ದೊಡ್ಡವರಿಗೆ ಆತ್ಮಕತೆ ಬರೆದು ದಾರಿ ಮಾಡಿದರು. ಮುಂದಿನ ಹೆಜ್ಜೆ ಮಕ್ಕಳಿಗೆ. ಗೆಲ್ಲೋ ಕನಸು ಕಾಣದ ಮಗು ಹೋರಾಟಕ್ಕೆ ಬರೋದಿಲ್ಲ. ಬಂದರೂ ಸೋಲೋದಕ್ಕೇ ತಯಾರಾಗಿ ಬರ್ತದೆ.

ಹೊರಗೆ ಈ ಕೆಲಸ ಆಗಿದೆ. ಸ್ಟೀವನ್ಸನ್ 1883ರ 'ಟ್ರೆಷರ್ ಐಲೆಂಡ್'ನಲ್ಲಿ ಹಡಗು ಹತ್ತಿಸಿದ್ದು ಒಬ್ಬ ಹೋಟೆಲಿನವನ ಮಗನನ್ನ, ರಾಜಕುಮಾರನನ್ನ ಅಲ್ಲ. ಅಮೆರಿಕದ ಕಪ್ಪು ಲೇಖಕಿ ಮಿಲ್ಡ್ರೆಡ್ ಟೇಲರ್ 1976ರಲ್ಲಿ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಬರೆದರು. 1930ರ ದಶಕದ ಮಿಸಿಸಿಪ್ಪಿಯ ಕಪ್ಪು ಹುಡುಗಿಯೊಬ್ಬಳ ಕತೆ. ಮರುವರ್ಷ ಆ ದೇಶದ ಮಕ್ಕಳ ಸಾಹಿತ್ಯದ ದೊಡ್ಡ ಬಹುಮಾನ ನ್ಯೂಬೆರಿ ಪದಕ ಬಂತು. ಬಿಳಿಯರ ಮಕ್ಕಳೂ ಅದನ್ನ ಶಾಲೆಯಲ್ಲಿ ಓದಿದರು. ನಮ್ಮ ಕತೆಯನ್ನೂ ಎಲ್ಲ ಓಣಿಯ ಮಕ್ಕಳು ಓದಬೇಕು, ಕೇರಿಯೊಳಗೇ ಉಳಿಯೋದು ಬೇಡ.

ನಮ್ಮ ಜಿಲ್ಲೆಗೆ ಇದು ಕಷ್ಟದ ಕೆಲಸ ಅಲ್ಲ. ಮಕ್ಕಳ ಸಾಹಿತ್ಯ ಅಂದ ಕೂಡಲೇ ನಾಡು ನೆನೆಯೋ ಜಿಲ್ಲೆ ಇದು. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಹ.ಮ. ಪೂಜಾರ ಇವರೆಲ್ಲ ಈ ನೆಲದವರು. ಆ ಹಾಡಿನ ಪರಂಪರೆ ಪಕ್ಕಕ್ಕೆ ಸಾಹಸ ಕತೆಯ ಒಂದು ಸಾಲು ನೆಡೋಣ.

ನಾನು ಕೇಳೋದು ಮೂರೇ ಮಾತು. ಒಂದು, ಬರೆಯೋ ಶಕ್ತಿ ಇರೋ ನಮ್ಮ ಮೇಷ್ಟ್ರು, ಅಕ್ಕೋರು, ಕಾಲೇಜು ಹುಡುಗ್ರು ತಲಾ ಒಂದು ಕತೆ ಬರೀರಿ. ಅಜ್ಜ ಅಜ್ಜಿಯರ ಬಾಯಲ್ಲಿರೋದನ್ನ ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ರಿ, ಅವರು ಹೋದರೆ ಕತೆಯೂ ಹೋಯಿತು. ಎರಡು, ತಿಕೋಟಾ, ಬಬಲೇಶ್ವರ ತಾಲೂಕಿನ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಅಲ್ಲಿಗೆ ಹೋಗಿ ಮಕ್ಕಳ ಕಪಾಟಿನಲ್ಲಿ ಏನಿದೆ ನೋಡ್ರಿ, ಬೇಕಾದ ಪುಸ್ತಕದ ಪಟ್ಟಿ ಬರೆದು ಕೊಡ್ರಿ, ವಾರಕ್ಕೊಂದು ಸಂಜೆ ಗಟ್ಟಿಯಾಗಿ ಓದಿ ಹೇಳ್ರಿ. ಮೂರು, ಮಕ್ಕಳನ್ನ ತಾಜ್ ಬಾವಡಿಗೆ ಕರೆದುಕೊಂಡು ಹೋದಾಗ ಕಟ್ಟಿಸಿದವರ ಹೆಸರು ಹೇಳಿ ಸುಮ್ಮನಾಗಬೇಡ್ರಿ. ತೋಡಿದವರು ಯಾರು, ಕುಡಿದವರು ಯಾರು, ಹೊರಗೆ ನಿಂತವರು ಯಾರು ಅಂತ ಕೇಳ್ರಿ. ಉತ್ತರ ಅವರೇ ಕತೆ ಮಾಡ್ಕೊಂಡು ಬರ್ತಾರೆ.

ಮುಂದಿನ ಏಪ್ರಿಲ್ 14ಕ್ಕೆ ಬಹುಮಾನದ ಗಂಟಿನಲ್ಲಿ ಇಂಥ ಒಂದಾದರೂ ಪುಸ್ತಕ ಇರಬೇಕು. ಮೂವತ್ತೆರಡು ಪುಟದ್ದಾದರೂ ಸಾಕು, ಜೆರಾಕ್ಸ್ ಮಾಡಿ ಹೊಲಿದದ್ದಾದರೂ ಸಾಕು. ಯಾರು ಬರೀತೀರಿ, ಯಾರು ಚಿತ್ರ ತೆಗೀತೀರಿ, ಯಾರು ಅಚ್ಚಿನ ಖರ್ಚು ಹಂಚ್ಕೊಳ್ತೀರಿ, ಕೆಳಗೆ ಹೆಸರು ಬರೀರಿ.

ಜೈಭೀಮ್.