ಬೋರ್ಡು ಕೆಟ್ಟಿದೆಯಂತೆ!

ನಮ್ಮ ಶಾಲೆಗಳಲ್ಲಿ ಅತ್ಯಂತ ಸುಲಭವಾಗಿ ಆಡಬಹುದಾದ ಮಾತು ಯಾವುದು ಗೊತ್ತೇ? "ಅದು ಕೆಟ್ಟಿದೆ" ಎಂಬುದು. ಹೇಳಿದವರಿಗೆ ಖರ್ಚಿಲ್ಲ, ಕೇಳಿದವರಿಗೆ ಕೆಲಸವಿಲ್ಲ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಬೋರ್ಡು ಕೆಟ್ಟಿದೆ ಎಂದರೆ ಬೀರುವಿನಲ್ಲಿಟ್ಟು ಬೀಗ ಹಾಕು ಎನ್ನುತ್ತೇವೆ. ಯಾರು ನೋಡಿದರು, ಏನು ನೋಡಿದರು ಎಂದು ಕೇಳುವವರಿಲ್ಲ.

ನಾನು ಹೇಳುತ್ತಿರುವುದು ಕಪ್ಪು ಹಲಗೆಯ ವಿಷಯವಲ್ಲ. ಅಂಗೈಯಲ್ಲಿ ಹಿಡಿಯುವ ಆರ್ಡುಯಿನೋ ಎಂಬ ಪುಟ್ಟ ಬೋರ್ಡಿನ ವಿಷಯ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಇದು ಹುಟ್ಟಿತು. ಎಲೆಕ್ಟ್ರಾನಿಕ್ಸ್ ಓದದವರಿಗೂ ಕೈಗೆಟುಕಬೇಕು ಎಂಬುದೇ ಅದರ ಉದ್ದೇಶ. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ತಂತಿಯ ಮೂಲಕ ಅದಕ್ಕೆ ಕಳಿಸಿದರೆ, ಅದು ದೀಪ ಹಚ್ಚುತ್ತದೆ, ಮೋಟಾರು ತಿರುಗಿಸುತ್ತದೆ, ಗಿಡದ ಮಣ್ಣಿನ ತೇವ ಅಳೆಯುತ್ತದೆ. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ ಆರಂಭವಾಗಿ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಟಿಂಕರಿಂಗ್ ಲ್ಯಾಬ್‌ಗಳು ಬಂದವು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 2025ರ ಕೇಂದ್ರ ಬಜೆಟ್ಟಿನಲ್ಲಿ, ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್ ಎಂದು ಘೋಷಿಸಿದರು. ಸಂತೋಷ. ಆದರೆ ಬೀಗ ಎಷ್ಟು ಸಾವಿರ ಬೇಕಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಬೋರ್ಡನ್ನು ಕಂಪ್ಯೂಟರಿಗೆ ಚುಚ್ಚುತ್ತಾರೆ. ಕಂಪ್ಯೂಟರು "ಯಾರೂ ಬಂದಿಲ್ಲವಲ್ಲ" ಎನ್ನುತ್ತದೆ. ಅಷ್ಟೇ, ಬೋರ್ಡಿಗೆ ಮರಣಪತ್ರ ಸಿದ್ಧ!

ಅಕ್ಕಂದಿರೇ, ನಿಮ್ಮ ಮನೆಯ ಮಿಕ್ಸಿ ಬೆಳಿಗ್ಗೆ ಚಟ್ನಿ ಹೊತ್ತಿಗೆ ನಿಂತರೆ ನೀವೇನು ಮಾಡುತ್ತೀರಿ? ಕರೆಂಟಿದೆಯೇ ನೋಡುತ್ತೀರಿ. ಪ್ಲಗ್ ಸಡಿಲವೇ ನೋಡುತ್ತೀರಿ. ಜಾರು ಸರಿಯಾಗಿ ಕೂತಿದೆಯೇ ನೋಡುತ್ತೀರಿ. ಕೊನೆಗೆ ಬುಡ ಮೇಲು ಮಾಡಿ ಕೆಂಪು ಗುಂಡಿ ಒತ್ತುತ್ತೀರಿ. ಇಷ್ಟಾದ ಮೇಲೆ ತಾನೇ ರಿಪೇರಿ ಅಂಗಡಿಯ ಮಾತು? ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಎಳೆ ಕಡಿದರೆ ಮಗ್ಗ ಕೆಟ್ಟಿತು ಎನ್ನುವ ಹೆಂಗಸನ್ನು ನಾನು ಕಂಡಿಲ್ಲ. ಮಗ್ಗ ನಿಲ್ಲಿಸಿ, ಕಡಿದ ಎಳೆ ಹುಡುಕಿ, ಗಂಟು ಹಾಕಿ ಮತ್ತೆ ಓಡಿಸುತ್ತಾಳೆ. ಸುಲಭವಾದದ್ದನ್ನು ಮೊದಲು ನೋಡು, ಕಷ್ಟದ್ದನ್ನು ಆಮೇಲೆ ನೋಡು, ಒಂದು ಸಲಕ್ಕೆ ಒಂದನ್ನೇ ಬದಲಿಸು. ವಿಜ್ಞಾನವೆಂದರೆ ಇದೇ ಅಲ್ಲವೇ?

ಈ ಬೋರ್ಡಿನ ಕಥೆಯೂ ಅಷ್ಟೇ. ಮೊದಲು ತಂತಿ. ಯುಎಸ್‌ಬಿ ತಂತಿಯೊಳಗೆ ಸಾಮಾನ್ಯವಾಗಿ ನಾಲ್ಕು ಎಳೆ: ಎರಡು ವಿದ್ಯುತ್ತಿಗೆ, ಎರಡು ಮಾತುಕತೆಗೆ. ಫೋನ್ ಚಾರ್ಜಿಗೆಂದು ಅಗ್ಗಕ್ಕೆ ಸಿಗುವ ಕೆಲವು ತಂತಿಗಳಲ್ಲಿ ಮಾತಿನ ಎಳೆಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಸುದ್ದಿ ಹೋಗುವುದಿಲ್ಲ. ಊಟ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಂತೆ! ತಂತಿ ಬದಲಿಸಿದರೆ ಮುಗಿಯಿತು.

ಎರಡನೆಯದು ಡ್ರೈವರ್. ಆರ್ಡುಯಿನೋ ವಿನ್ಯಾಸ ಎಲ್ಲರಿಗೂ ಮುಕ್ತವಾಗಿರುವುದರಿಂದ ಬೇರೆಯವರೂ ಅಗ್ಗದ ಬೋರ್ಡು ಮಾಡಿ ಮಾರುತ್ತಾರೆ. ಅವುಗಳಲ್ಲಿ ಅನೇಕದಕ್ಕೆ ಸಿಎಚ್340 ಎಂಬ ಚಿಪ್ಪೇ ದುಭಾಷಿ. ಆ ದುಭಾಷಿಯ ಪರಿಚಯವಿಲ್ಲದ ವಿಂಡೋಸ್ ಕಂಪ್ಯೂಟರು ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ತೋರಿಸುತ್ತದೆ. ಚಿಕ್ಕದೊಂದು ಡ್ರೈವರ್ ಹಾಕಿದರೆ ಪರಿಚಯವಾಗುತ್ತದೆ. ಮೂರನೆಯದು, ಬೋರ್ಡಿನ ಹೆಸರನ್ನೂ ಪೋರ್ಟನ್ನೂ ಮೆನುವಿನಲ್ಲಿ ಸರಿಯಾಗಿ ಆರಿಸುವುದು. ನಾಲ್ಕನೆಯದು, ಯುನೋ ಬೋರ್ಡಿನ 0 ಮತ್ತು 1ನೇ ಪಿನ್ನುಗಳು. ಬೋರ್ಡು ಕಂಪ್ಯೂಟರಿನೊಡನೆ ಮಾತಾಡುವ ದಾರಿಯೂ ಅವೇ. ಅಲ್ಲಿಗೆ ಬೇರೆ ತಂತಿ ಚುಚ್ಚಿದ್ದರೆ ಪ್ರೋಗ್ರಾಂ ಏರದೆ ಹೋಗಬಹುದು. ತಂತಿಗಳು ತಪ್ಪಿ ತಾಗಿ ವಿದ್ಯುತ್ ಹೆಚ್ಚು ಹರಿದರೆ ಯುನೋದಲ್ಲಿ ಅದನ್ನು ತಡೆದು, ತಣ್ಣಗಾದ ಮೇಲೆ ತಾನೇ ಬಿಡುವ ಫ್ಯೂಸೂ ಇದೆ. ನಮ್ಮ ಮಿಕ್ಸಿಯ ಕೆಂಪು ಗುಂಡಿಯ ತಂಗಿ. ಇಷ್ಟೆಲ್ಲ ನೋಡಿ, ಬೇರೆ ಕಂಪ್ಯೂಟರಿಗೂ ಚುಚ್ಚಿ ನೋಡಿ, ಆಮೇಲೆ ಕೆಟ್ಟಿದೆ ಎನ್ನಿ. ನಾನು ಒಪ್ಪುತ್ತೇನೆ.

ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕಂಡದ್ದು: ಬೀರುವಿನಲ್ಲಿ ಏಳು ಬೋರ್ಡು, ಪ್ರತಿಯೊಂದರ ಮೇಲೂ "ಕೆಟ್ಟಿದೆ" ಎಂಬ ಚೀಟಿ. ಸಾಮಾನು ಕೊಟ್ಟ ಕಡೆಯವರು ಹೊಸದು ಕೊಳ್ಳಿ ಎಂದಿದ್ದರು. ಒಂಬತ್ತನೇ ತರಗತಿಯ ನಾಲ್ಕು ಹೆಣ್ಣುಮಕ್ಕಳು ಎರಡು ಮಧ್ಯಾಹ್ನ ಕೂತು ಒಂದೊಂದಾಗಿ ಪಟ್ಟಿ ಮಾಡಿ ನೋಡಿದರು. ಮೂರಕ್ಕೆ ತಂತಿ, ಎರಡಕ್ಕೆ ಡ್ರೈವರ್, ಒಂದಕ್ಕೆ ತಪ್ಪು ಪೋರ್ಟು. ನಿಜವಾಗಿ ಸತ್ತಿದ್ದು ಒಂದೇ ಒಂದು. ಅವರಿಗೆ ಸಿಕ್ಕ ಬಹುಮಾನವೇನು? "ಹೆಣ್ಣುಮಕ್ಕಳಿಗೆ ಯಾಕಮ್ಮ ಕರೆಂಟಿನ ಸಹವಾಸ" ಎಂಬ ಬುದ್ಧಿವಾದ! ಆ ತಂತಿಯಲ್ಲಿ ಹರಿಯುವುದು ಐದು ವೋಲ್ಟು. ಅದೇ ಮಕ್ಕಳು ಮನೆಯಲ್ಲಿ 230 ವೋಲ್ಟಿನ ಇಸ್ತ್ರಿಪೆಟ್ಟಿಗೆ ಹಿಡಿದು ಅಣ್ಣನ ಅಂಗಿ ತಿಕ್ಕುವಾಗ ಈ ಕಾಳಜಿ ಎಲ್ಲಿ ಹೋಗಿತ್ತೋ.

ನಾನು ಬಿ.ಎ., ಬಿ.ಎಡ್. ಮಾಡಿದವಳು, ಕನ್ನಡ ಪಾಠ ಹೇಳುವವಳು. "ಮೇಡಂ, ಇದು ನಿಮ್ಮ ಸಬ್ಜೆಕ್ಟಲ್ಲ" ಎಂದು ನನಗೂ ಹೇಳಿದ್ದಾರೆ. ದೋಷ ಹುಡುಕುವುದು ಯಾರೊಬ್ಬರ ಸಬ್ಜೆಕ್ಟೂ ಅಲ್ಲ. ವಾಕ್ಯ ತಪ್ಪಿದ್ದರೆ ಕರ್ತೃ ಎಲ್ಲಿ, ಕರ್ಮ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಕ್ರಮವಾಗಿ ಹುಡುಕುವುದನ್ನು ನಾನು ಇಷ್ಟು ವರ್ಷ ಕಲಿಸಿದ್ದೇನೆ.

ಪಾಠ ಮುಗಿಸಲೇ ಸಮಯವಿಲ್ಲ, ಇದಕ್ಕೆಲ್ಲಿ ಪುರುಸೊತ್ತು ಎನ್ನುವ ಸಹೋದ್ಯೋಗಿಗಳ ಕಷ್ಟ ನನಗೆ ಗೊತ್ತು. ಅವರು ಹೇಳುವುದು ಸುಳ್ಳಲ್ಲ. ಆದರೆ ವಸ್ತುಪ್ರದರ್ಶನದ ಮಾದರಿಗೆ ಥರ್ಮಕೋಲು ಕತ್ತರಿಸಲು ಒಂದು ವಾರ ಸಿಗುತ್ತದಲ್ಲ! ಅದರಲ್ಲಿ ಎರಡು ಮಧ್ಯಾಹ್ನ ಕೊಡಿ ಸಾಕು. ಸಾಮಾನು ಹಾಳಾದರೆ ಯಾರು ಹೊಣೆ ಎಂಬ ಭಯವೂ ನಿಜ. ಹೊಣೆಯ ಭಯಕ್ಕೆ ಬೀರುವಿನಲ್ಲಿಟ್ಟ ಸಾಮಾನು ಹಾಳಾದ ಸಾಮಾನೇ ತಾನೇ?

ಗಡಿಯಾಚೆ ನೋಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಕಂಪ್ಯೂಟರ್ ಪಠ್ಯಪುಸ್ತಕವನ್ನು ಕನ್ನಡದಲ್ಲೇ ಕೊಡುತ್ತದೆ. ಅಲ್ಲಿನ ಕೈಟ್ ಸಂಸ್ಥೆ "ಲಿಟಲ್ ಕೈಟ್ಸ್" ಎಂಬ ಮಕ್ಕಳ ಕೂಟ ಕಟ್ಟಿ, ಆರ್ಡುಯಿನೋ ಇರುವ ರೋಬೋಟಿಕ್ ಕಿಟ್ಟುಗಳನ್ನು ಶಾಲೆಗಳಿಗೆ ಕೊಟ್ಟಿದೆ. ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವುದರಿಂದ ಸಿಎಚ್340ರ ಡ್ರೈವರ್ ಬೇರೆ ಹುಡುಕಬೇಕಾಗಿಲ್ಲ; ಅದರೊಳಗೇ ಇದೆ. ಗಡಿಯಾಚೆ ಕನ್ನಡದಲ್ಲಿ ಆಗುವುದು ನೆಲಮಂಗಲ, ಹೊಸಕೋಟೆಗಳಲ್ಲಿ ಆಗದೇ?

ತಾಯಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಿ ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ. ಲ್ಯಾಬಿನ ಬೀಗದ ಕೈ ಯಾರ ಬಳಿ ಇದೆ? ಕೆಟ್ಟಿದೆ ಎಂದು ಬರೆದ ಬೋರ್ಡು ಎಷ್ಟು? ಕೆಟ್ಟಿದೆ ಎಂದು ಬರೆಯುವ ಮುನ್ನ ತಂತಿ ಬದಲಿಸಿ ನೋಡಿದವರು ಯಾರು? ಉತ್ತರ ಬರದಿದ್ದರೆ, ನಿಮ್ಮ ಮಗಳಿಗೆ ಒಂದು ಒಳ್ಳೆಯ ತಂತಿ ಕೊಟ್ಟು ಒಳಗೆ ಕಳಿಸಿ ಎಂದು ಕೇಳಿ. ಕುಣಿಯಲಾರದವರು ನೆಲ ಡೊಂಕು ಎನ್ನುವುದು ಇದ್ದದ್ದೇ. ಆ ನೆಲ ಡೊಂಕೋ ಸಮವೋ ಎಂದು ನಮ್ಮ ಹೆಣ್ಣುಮಕ್ಕಳು ತಾವೇ ಕಾಲಿಟ್ಟು ನೋಡಲಿ.