ಗುಳ್ಳೆಯ ತೀರ್ಪು ಸಾಲದು

ಸ್ತನದ ಗಂಟಿಗೆ ರಕ್ತ ಹೇಗೆ ಹರಿಯುತ್ತಿದೆಯೆಂದು ಅಲ್ಟ್ರಾಸೌಂಡಿನಲ್ಲಿ ನೋಡಲು ತೋಳಿನ ರಕ್ತನಾಳಕ್ಕೆ ಅನಿಲದ ಗುಳ್ಳೆಗಳನ್ನು ಚುಚ್ಚುವ ವಿದ್ಯೆ ಬಂದಿದೆ. ಗುಳ್ಳೆ ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಅನಿಲ ಕೆಲವೇ ನಿಮಿಷಗಳಲ್ಲಿ ಉಸಿರಿನೊಡನೆ ಹೊರಹೋಗುತ್ತದೆ. ವಿದ್ಯೆಯನ್ನು ನಾವು ಹಳಿಯುವುದಿಲ್ಲ. ಅದನ್ನೇ ಕೊನೆಯ ತೀರ್ಪೆಂದು ಮಾರಬಂದವರನ್ನು ಮಾತ್ರ ನಂಬೆವು. ಕ್ಯಾನ್ಸರು ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ, ನಿಜ. ಆದರೆ ನಿರಪಾಯದ ಗಂಟಿಗೂ ರಕ್ತ ಧಾರಾಳವಾಗಿ ಹರಿಯಬಹುದು. 2016ರಲ್ಲಿ ಅಮೆರಿಕ ಸರಕಾರ ಇಂಥ ಗುಳ್ಳೆಮದ್ದಿಗೆ ಯಕೃತ್ತಿನ ಗಂಟು ನೋಡಲು ಒಪ್ಪಿಗೆಯಿತ್ತಿತು. ಆ ಒಪ್ಪಿಗೆಯಲ್ಲಿ ಸ್ತನದ ಮಾತಿರಲಿಲ್ಲ. ತೀರ್ಪು ಕೊಡುವುದು ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ಪಾಳಿ ಬಿಟ್ಟು, ಕೂಲಿ ಕಳೆದುಕೊಂಡು ಬಂದ ಹೆಣ್ಣುಮಗಳಿಗೆ, ಅಂಗಡಿಯವನ ಹೆಂಡತಿಗೆ ಅದು ಜಿಲ್ಲಾ ಆಸ್ಪತ್ರೆಯಲ್ಲೇ ಪುಕ್ಕಟೆಯಾಗಿ, ತಡವಿಲ್ಲದೆ ಸಿಗಬೇಕು. ಸರಕಾರ ಮೊದಲು ಆ ಸೂಜಿಯನ್ನೂ ಚೂರು ನೋಡಬಲ್ಲ ವೈದ್ಯರನ್ನೂ ಕೊಡಲಿ. ಗುಳ್ಳೆಯ ಮಾತು ಆಮೇಲೆ.