ಎಲ್ಲರಿಗೂ ನೂರಕ್ಕೆ ನೂರು!

‘ಆರನೇ ಸಾಲಿನಲ್ಲಿ ತಪ್ಪಿದೆ ಅನ್ನುತ್ತೆ ಸಾರ್, ನೋಡಿದರೆ ಅಲ್ಲಿ ಏನೂ ತಪ್ಪಿಲ್ಲ!’ ಸಿ ಭಾಷೆ ಕಲಿಯತೊಡಗಿದ ಮಕ್ಕಳ ಮೊದಲ ದೂರು ಇದು. ಹಾಗೆ ಅನ್ನುವುದು ಕಂಪೈಲರ್. ನಾವು ಬರೆದ ಪ್ರೋಗ್ರಾಮನ್ನು ಓದಿ, ಕಂಪ್ಯೂಟರು ನೇರವಾಗಿ ನಡೆಸಬಲ್ಲ ಆದೇಶಗಳನ್ನಾಗಿ ಮಾರ್ಪಡಿಸುವುದು ಅದರ ಕೆಲಸ. ಎಷ್ಟೋ ಸಲ ನಿಜವಾದ ತಪ್ಪು ಇರುವುದು ಐದನೇ ಸಾಲಿನ ಕೊನೆಯಲ್ಲಿ. ಅಲ್ಲಿ ಸೆಮಿಕೋಲನ್ ಬಿಟ್ಟುಹೋಗಿರುತ್ತದೆ. ಸಿ ಭಾಷೆಯಲ್ಲಿ ಸಾಲು ಮುಗಿದ ಮಾತ್ರಕ್ಕೆ ವಾಕ್ಯ ಮುಗಿಯುವುದಿಲ್ಲ. ಆದ್ದರಿಂದ ಅದು ಮುಂದಿನ ಸಾಲಿಗೆ ಹೋಗಿ, ಅಲ್ಲಿನ ಮೊದಲ ಪದ ಹೊಂದದೆ ಎಡವುತ್ತದೆ.

‘ಒಟ್ಟು = ಬರಹ + ಮೌಖಿಕ * 2;’ ಎಂಬ ವಾಕ್ಯ ನೋಡಿ. (ಹೆಸರುಗಳನ್ನು ಅನುಕೂಲಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ.) ಕಂಪೈಲರ್ ಇದನ್ನು ಅಕ್ಷರ ಅಕ್ಷರವಾಗಿ ಓದಿ, ಚಿಹ್ನೆಗಳೂ ಸೇರಿ ಎಂಟು ತುಂಡು ಮಾಡುತ್ತದೆ. ಬಳಿಕ ಅವನ್ನು ವಂಶವೃಕ್ಷದಂತೆ ಜೋಡಿಸುತ್ತದೆ. ಗುಣಾಕಾರ ಕೆಳಗಿನ ಕೊಂಬೆ, ಸಂಕಲನ ಅದರ ಮೇಲಿನದು. ಹಾಗಾಗಿ ಗುಣಾಕಾರವೇ ಮೊದಲು. ಹೆಸರುಗಳನ್ನೆಲ್ಲ ಮೊದಲೇ ಘೋಷಿಸಿದೆಯೇ ಎಂದೂ ಪರೀಕ್ಷಿಸುತ್ತದೆ. ಆಮೇಲೆ ಆದೇಶಗಳು: ಮೌಖಿಕದ ಅಂಕವನ್ನು ಸ್ಮೃತಿಯಿಂದ ತಾ, ಇಮ್ಮಡಿಸು, ಬರಹದ ಅಂಕ ಕೂಡಿಸು, ಒಟ್ಟು ಎಂಬಲ್ಲಿ ಇಡು. ಇಮ್ಮಡಿಸಲು ಗುಣಿಸಲೇಬೇಕೆಂದಿಲ್ಲ. ದ್ವಿಮಾನ ಪದ್ಧತಿಯಲ್ಲಿ 5 ಎಂದರೆ 0101. ಅಂಕಿಗಳನ್ನು ಒಂದು ಮನೆ ಎಡಕ್ಕೆ ಸರಿಸಿ, 1010, ಹತ್ತಾಯಿತು! ಇಂಥ ಒಳದಾರಿಗಳನ್ನು ಕಂಪೈಲರ್ ತಾನೇ ಹುಡುಕಿಕೊಳ್ಳುತ್ತದೆ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್‌ಟ್ರಾನ್ ಕಂಪೈಲರನ್ನು ಹೊರತಂದಾಗ, ಕೈಯಲ್ಲಿ ಬರೆದ ಆದೇಶಗಳ ವೇಗ ಇದಕ್ಕೆಲ್ಲಿ ಬಂದೀತು ಎಂದು ಅನುಮಾನಿಸಿದವರಿದ್ದರು. ಆ ಅನುಮಾನ ಬಹುಮಟ್ಟಿಗೆ ಸುಳ್ಳಾಯಿತು.

ಇಷ್ಟೆಲ್ಲ ಬಲ್ಲ ಕಂಪೈಲರಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ಮಾತ್ರ ತಿಳಿಯದು. ಅಂಕ 100 ಆಗಿದ್ದರೆ ಬಹುಮಾನ ಎಂದು ಬರೆಯಬೇಕಿದೆ ಎನ್ನಿ. ಸಿ ಭಾಷೆಯಲ್ಲಿ ಸಮವೇ ಎಂದು ಕೇಳಲು ‘==’ ಬೇಕು; ಒಂದೇ ‘=’ ಇದ್ದರೆ ‘ಈ ಬೆಲೆಯನ್ನು ಇಡು’ ಎಂದರ್ಥ. ಅವಸರದಲ್ಲಿ ‘ಅಂಕ = 100’ ಎಂದು ಬರೆದಿರೋ, ನಲವತ್ತು ಪಡೆದವನ ಅಂಕವೂ ನೂರಾಗುತ್ತದೆ. ಸೊನ್ನೆಯಲ್ಲದ್ದೆಲ್ಲ ಸಿ ಭಾಷೆಗೆ ‘ನಿಜ’ವಾದ್ದರಿಂದ ಅವನಿಗೆ ಬಹುಮಾನವೂ ಸಿಗುತ್ತದೆ! ವ್ಯಾಕರಣದ ಪ್ರಕಾರ ಇದು ಶುದ್ಧ ವಾಕ್ಯ. ಹಲವು ಕಂಪೈಲರ್‌ಗಳು ಒಂದು ಎಚ್ಚರಿಕೆಯ ಸಾಲು ತೋರಿಸಿ, ಕೆಲಸ ಮುಗಿಸಿಬಿಡುತ್ತವೆ. ಆ ಸಾಲನ್ನು ಓದುವ ಮಕ್ಕಳು ಕಡಿಮೆ.

ಪಾಲಕರೇ, ‘ಎರರ್ ಬರಲಿಲ್ಲ’ ಎಂದು ಮಗಳು ಹಿಗ್ಗಿದರೆ ನೀವೂ ಹಿಗ್ಗಿ. ಜೊತೆಗೆ 40, 99, 100 ಈ ಮೂರು ಅಂಕ ಕೊಟ್ಟು ಓಡಿಸಲು ಹೇಳಿ. ಉತ್ತರ ಏನು ಬರಬೇಕೆಂದು ಹೇಳಲು ನಿಮಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ.